ಕವರ್ ಬ್ಯಾಂಡಿನಲ್ಲಿ ನುಡಿಸುತ್ತೀರಾ? ಮೊದಲು ಕಿವಿ ನೋಡಿಕೊಳ್ಳಿ

ಬೇರೆಯವರ ಹಳೆಯ ರಾಕ್ ಹಾಡುಗಳನ್ನು ನುಡಿಸುವ ಒಂದು ಕವರ್ ಬ್ಯಾಂಡಿನಲ್ಲಿ ಆರು ವರ್ಷ ಗಿಟಾರ್ ನುಡಿಸಿದೆ. ಈಗ ನನ್ನ ಎಡಗಿವಿಯಲ್ಲಿ ಸಣ್ಣದೊಂದು ಶಿಳ್ಳೆ ಸದಾ ಕೇಳುತ್ತಿರುತ್ತದೆ. ರಾತ್ರಿ ದೀಪ ಆರಿಸಿ ಮಲಗಿದರೆ ಇನ್ನೂ ಜಾಸ್ತಿ. ಇದು ಹೋಗುವುದಿಲ್ಲ ಅಂತ ಡಾಕ್ಟರು ಹೇಳಿಬಿಟ್ಟಿದ್ದಾರೆ. ಬ್ಯಾಂಡ್ ಸೇರುವಾಗ ಈ ವಿಷಯ ನನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಐದು ಜನರ ಬ್ಯಾಂಡು. ವಾರಕ್ಕೆ ಎರಡು ದಿನ, ಚಿಕ್ಕ ರೂಮಿನಲ್ಲಿ ಮೂರು ಗಂಟೆ ಪ್ರಾಕ್ಟೀಸ್. ತೊಂದರೆ ಶುರುವಾಗುತ್ತಿದ್ದದ್ದು ಡ್ರಮ್ಸ್‌ನಿಂದ. ಅದರ ಸದ್ದು ತಗ್ಗಿಸಲು ತಿರುಗಿಸುವ ಗುಂಡಿ ಇಲ್ಲವಲ್ಲ. ಡ್ರಮ್ಸ್ ಜೋರಾದರೆ ಗಿಟಾರ್ ಕೇಳಿಸಲ್ಲ, ವಾಲ್ಯೂಮ್ ಏರಿಸುತ್ತೇವೆ. ಆಗ ಬಾಸ್ ಗಿಟಾರ್ ಮುಳುಗುತ್ತದೆ, ಅದನ್ನು ನುಡಿಸುವವನೂ ಏರಿಸುತ್ತಾನೆ. ಹಾಡುವವನಿಗೆ ತನ್ನ ದನಿಯೇ ಕೇಳಿಸದೆ ಮಾನಿಟರ್, ಅಂದರೆ ನಮ್ಮ ಕಡೆಗೇ ತಿರುಗಿಸಿಟ್ಟ ಸ್ಪೀಕರ್, ಏರಿಸು ಅನ್ನುತ್ತಾನೆ. ಇಷ್ಟೆಲ್ಲ ಆದ ಮೇಲೆ ಡ್ರಮ್ಮರ್ ಇನ್ನೂ ಬಿಗಿಯಾಗಿ ಬಾರಿಸುತ್ತಾನೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಪಕ್ಕದಲ್ಲಿ ನಿಂತವರ ಹತ್ತಿರ ಮಾತಾಡಲೂ ಕಿರುಚಬೇಕು. ಇದರಲ್ಲಿ ಯಾರದೂ ಕೆಟ್ಟ ಉದ್ದೇಶ ಇರಲಿಲ್ಲ. ಆದರೆ ತಡೆಯುವವರೂ ಇರಲಿಲ್ಲ.

ಆಂಪ್, ಅಂದರೆ ಗಿಟಾರಿನ ಸದ್ದು ದೊಡ್ಡದು ಮಾಡುವ ಪೆಟ್ಟಿಗೆ, ಇಟ್ಟ ಜಾಗದ ವಿಷಯ ನನಗೆ ತಡವಾಗಿ ಗೊತ್ತಾಯಿತು. ಗಿಟಾರ್ ಆಂಪ್‌ನ ಸ್ಪೀಕರಿನಿಂದ ಬರುವ ಚೂಪು ಸದ್ದು ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಆಂಪ್ ನೆಲದ ಮೇಲಿದ್ದರೆ ಅದು ನುಡಿಸುವವನ ಮೊಣಕಾಲಿಗೆ ಬಡಿಯುತ್ತದೆ. ಅವನ ಕಿವಿಗೆ ಮಂಕಾಗಿ ಕೇಳುತ್ತದೆ, ಚೂಪು ಸದ್ದಿನ ಗುಂಡಿ (ಟ್ರೆಬಲ್) ಏರಿಸುತ್ತಾನೆ, ವಾಲ್ಯೂಮೂ ಏರಿಸುತ್ತಾನೆ. ಆ ಸದ್ದನ್ನು ಪೂರ್ತಿ ತಿನ್ನುವವರು ದೂರದಲ್ಲಿ, ಎದುರಿಗೆ ಇರುವವರು. ನಮ್ಮ ಇನ್ನೊಬ್ಬ ಗಿಟಾರಿಸ್ಟ್‌ನ ಆಂಪ್ ಎದುರು ಆರು ವರ್ಷ ಕೂತು ನುಡಿಸಿದವನು ನಾನು. ಎಡಗಡೆ ಒಂದು ಮಾರು ದೂರದಲ್ಲಿ ಡ್ರಮ್ಸ್‌ನ ಕ್ರ್ಯಾಶ್ ಸಿಂಬಲ್ ಅನ್ನುವ ಲೋಹದ ತಟ್ಟೆ.

ಜೋರಾಗಿ ಇಡದಿದ್ದರೆ ಆ ಕಾಲದ ಗಿಟಾರ್ ಸದ್ದು ಬರಲ್ಲ ಅನ್ನುವವರು ಸಿಗುತ್ತಾರೆ. ಅದರಲ್ಲಿ ಅರ್ಧ ನಿಜವಿದೆ. ಗಾಜಿನ ವಾಲ್ವ್‌ಗಳಿರುವ ಹಳೆಯ ಬಗೆಯ ಆಂಪ್ ಏರಿಸಿದಾಗಲೇ ಒರಟು ಸದ್ದು ಚೆನ್ನಾಗಿ ಬರುತ್ತದೆ. ಆದರೆ 100 ವಾಟ್ ಬಿಟ್ಟು 50 ವಾಟ್ ಆಂಪ್ ತಂದರೂ ತಗ್ಗುವುದು ಬರೀ 3 ಡೆಸಿಬಲ್ (ಸದ್ದಿನ ಜೋರು ಅಳೆಯುವ ಮಾನ). ಇನ್ನೂ ಚಿಕ್ಕದೇ ಬೇಕು. ಚಿಕ್ಕ ರೂಮಿಗೆ 5 ವಾಟ್ ಕೂಡ ಸಾಕಾಗಿತ್ತು, ಆದರೆ ನಮ್ಮ ಹತ್ತಿರ ದೊಡ್ಡ ಆಂಪ್‌ಗಳೇ ಇದ್ದವು.

ಪ್ರತಿ ಶೋ ಆದ ಮೇಲೆ ಕಿವಿ ಗುಂಯ್ ಅನ್ನುತ್ತಿತ್ತು. ಬೆಳಿಗ್ಗೆ ಸರಿಹೋಗುತ್ತಿತ್ತು. ಸರಿಹೋಯಿತಲ್ಲ ಅಂತ ಬಿಟ್ಟುಬಿಡುತ್ತಿದ್ದೆ. ದೊಡ್ಡ ತಪ್ಪು ಇದೇ. ಆ ಗುಂಯ್ ಅನ್ನುವುದು ಕಿವಿ ಏಟು ತಿಂದಿದೆ ಅನ್ನುವ ಸುಳಿವು.

ಒಂದು ಶೋನಲ್ಲಿ ಮುಂಚೆ ಸದ್ದು ಹೊಂದಿಸಿ ನೋಡಲು (ಸೌಂಡ್‌ಚೆಕ್) ಟೈಮೇ ಸಿಗಲಿಲ್ಲ. ಎರಡನೇ ಹಾಡಿನ ಮಧ್ಯೆ ನನ್ನ ಪಕ್ಕದ ಮಾನಿಟರ್ ಕೀಂಯ್ ಅಂತ ಕಿರುಚಿತು. ತಲೆಗೆ ಮೊಳೆ ಹೊಡೆದ ಹಾಗಾಯಿತು. ಆದರೂ ಶೋ ಮುಗಿಸಿದೆ. ಮರುದಿನ ಶಿಳ್ಳೆ ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಸುಮ್ನೆ ಮೂರು ವಾರ ಕಾದೆ.

ಆಮೇಲೆ ಡಾಕ್ಟರ ಹತ್ತಿರ ಹೋದೆ. ಕಿವಿ ಪರೀಕ್ಷೆಯ ಕಾಗದದಲ್ಲಿ ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ಗೆರೆ, ಚೂಪು ಸದ್ದಿನ 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದ ಹಾಗೆ ಕೆಳಗಿಳಿದಿತ್ತು. ಜೋರು ಸದ್ದಿನಿಂದ ಹಾಳಾದ ಕಿವಿಯಲ್ಲಿ ಹೀಗೇ ಕಾಣುತ್ತದಂತೆ. ಒಳಗಿವಿಯಲ್ಲಿ ಸದ್ದನ್ನು ಹಿಡಿಯುವ ಕೂದಲಿನಂಥ ಜೀವಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಒಂದೆರಡು ದಿನದೊಳಗೆ ಬರಬೇಕು ಅಂತ ಡಾಕ್ಟರು ಬೈದರು. ದಯವಿಟ್ಟು ನನ್ನ ಹಾಗೆ ಕಾಯಬೇಡಿ.

ಲೆಕ್ಕ ನೋಡಿದ್ದೂ ಆಮೇಲೆಯೇ. ಕೆಲಸದ ಜಾಗದ ಸುರಕ್ಷತೆ ನೋಡುವ ಅಮೆರಿಕದ ಎನ್‌ಐಒಎಸ್‌ಎಚ್ ಸಂಸ್ಥೆ ಹೇಳುವ ಮಿತಿ: 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ. ಪ್ರತಿ 3 ಡೆಸಿಬಲ್ ಏರಿದಾಗಲೂ ಸಮಯ ಅರ್ಧಕ್ಕಿಳಿಯುತ್ತದೆ. 94 ಆದರೆ ಒಂದು ಗಂಟೆ, 100 ಆದರೆ 15 ನಿಮಿಷ. ನಮ್ಮ ರೂಮಿನಲ್ಲಿ ಫೋನಿನ ಆ್ಯಪ್ ತೋರಿಸಿದ್ದು 103. ಅಂದರೆ ಎಂಟು ನಿಮಿಷವೂ ಇಲ್ಲ. ನಾವು ಮೂರು ಗಂಟೆ ನುಡಿಸುತ್ತಿದ್ದೆವು.

ನಾವು ನುಡಿಸುತ್ತಿದ್ದ ಹಾಡುಗಳ ಕಾಲದವರಿಗೂ ಕಿವಿಯ ತೊಂದರೆ ಬಂದಿದೆ. ದಿ ಹೂ ಅನ್ನುವ ಬ್ಯಾಂಡಿನ ಗಿಟಾರಿಸ್ಟ್ ಪೀಟ್ ಟೌನ್‌ಶೆಂಡ್ ತಮ್ಮ ಕಿವಿಯ ತೊಂದರೆ ಬಗ್ಗೆ ಬಹಿರಂಗವಾಗಿಯೇ ಮಾತಾಡಿದ್ದಾರೆ. ಎಸಿ/ಡಿಸಿ ಬ್ಯಾಂಡಿನ ಹಾಡುಗಾರ ಬ್ರಯಾನ್ ಜಾನ್ಸನ್ 2016ರಲ್ಲಿ ಟೂರ್ ಮಧ್ಯದಲ್ಲೇ ನಿಲ್ಲಿಸಬೇಕಾಯಿತು. ಹಾಗೇ ಮುಂದುವರಿದರೆ ಪೂರ್ತಿ ಕಿವುಡಾಗಬಹುದು ಅಂತ ಡಾಕ್ಟರುಗಳು ಎಚ್ಚರಿಸಿದ್ದರು.

ವಾಲ್ಯೂಮ್ ಇಳಿಸೋಣ ಅಂತ ನಮ್ಮವರನ್ನು ಎರಡು ಸಲ ಕೇಳಿದ್ದೆ. 'ರಾಕ್ ಅಂದ್ರೆ ಹಿಂಗೇ ಇರ್ಬೇಕು ಗುರು' ಅಂತ ನಕ್ಕರು. ಮೂರನೇ ಸಲ ಕೇಳಲು ಸಂಕೋಚವಾಯಿತು. ಆ ಸಂಕೋಚ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಸಂಗೀತಗಾರರಿಗೆಂದೇ ಮಾಡಿದ ಫಿಲ್ಟರ್ ಇರುವ ಇಯರ್‌ಪ್ಲಗ್ ಕೊಳ್ಳಿ. ಸ್ಪಂಜಿನವು ಚೂಪು ಸದ್ದನ್ನು ಜಾಸ್ತಿ ತಿಂದು ಎಲ್ಲವನ್ನೂ ಮಂಕು ಮಾಡುತ್ತವೆ, ಅದಕ್ಕೇ ಹಾಡಿನ ಮಧ್ಯೆ ಕಿತ್ತು ಹಾಕುತ್ತೇವೆ. ನಾನೂ ಹಾಗೇ ಮಾಡಿದ್ದೆ. ಆಂಪ್‌ ಅನ್ನು ಕುರ್ಚಿಯ ಮೇಲಿಟ್ಟು ನುಡಿಸುವವರ ಕಿವಿಯ ಕಡೆ ವಾಲಿಸಿ, ಅವರು ತಾವಾಗಿಯೇ ವಾಲ್ಯೂಮ್ ಇಳಿಸುತ್ತಾರೆ. ಮೊದಲು ಹಾಡುವವರ ದನಿ ಆರಾಮಾಗಿ ಕೇಳುವ ಮಟ್ಟ ಗೊತ್ತು ಮಾಡಿಕೊಳ್ಳಿ, ಉಳಿದದ್ದೆಲ್ಲ ಅದರ ಕೆಳಗೆ ಇರಲಿ.

ಹೊಸ ಬ್ಯಾಂಡ್ ಸೇರುವ ಮುಂಚೆ ಒಂದು ಪ್ರಾಕ್ಟೀಸ್‌ಗೆ ಹೋಗಿ ಸುಮ್ಮನೆ ಕೂತು ನೋಡಿ. ಸ್ವಲ್ಪ ಇಳಿಸ್ತೀರಾ ಅಂತ ಒಮ್ಮೆ ಕೇಳಿ. ಇಳಿಸಿದರೆ ಸೇರಿ. ನಕ್ಕರೆ ಗಿಟಾರ್ ಚೀಲಕ್ಕೆ ಹಾಕಿಕೊಂಡು ಅವತ್ತೇ ಎದ್ದು ಬನ್ನಿ.