ಚಿಪಿಡ್ ನಂಬರ್ ಒಂದನ್ನೇ ನಂಬಿ ಕೇಬಲ್ ಕೀಳಿಸಬೇಡಿ

ಮೇನ್‌ಫ್ರೇಮ್ (ಬ್ಯಾಂಕಿನಂಥ ಕಡೆ ಬಳಸುವ ದೊಡ್ಡ ಕಂಪ್ಯೂಟರ್) ಸ್ಟೋರೇಜ್ ನೋಡಿಕೊಳ್ಳುವವರು ಇದನ್ನೊಮ್ಮೆ ಓದಿ. ತಪ್ಪು ನನ್ನದೇ, ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ.

ನಾನಿರುವುದು ಬಳ್ಳಾರಿಯಲ್ಲಿ, ಮೆಷಿನ್ ಇರುವುದು ಬೆಂಗಳೂರಿನ ಡೇಟಾ ಸೆಂಟರ್‌ನಲ್ಲಿ. ಏಪ್ರಿಲ್ ತಿಂಗಳ ರಾತ್ರಿ. ಫ್ಯಾನ್ ಹಾಕಿದರೂ ಬರುವುದು ಬಿಸಿಗಾಳಿಯೇ. ಹಳೇ ಸ್ಟೋರೇಜ್ ಬಾಕ್ಸಿಗೆ ಹೋಗುವ ಒಂದು ಫೈಕಾನ್ ಕೇಬಲ್, ಅಂದರೆ ಮೆಷಿನ್ನನ್ನು ಸ್ಟೋರೇಜಿಗೆ ಜೋಡಿಸುವ ಫೈಬರ್ ಕೇಬಲ್, ತೆಗೆಸಬೇಕಿತ್ತು. ಕನ್ಸೋಲ್‌ನಲ್ಲಿ ಚಿಪಿಡ್ 4ಬಿ (ಸ್ಟೋರೇಜಿಗೆ ಹೋಗುವ ಒಂದು ದಾರಿಯ, ಅಂದರೆ ಚಾನೆಲ್‌ನ, ನಂಬರ್) ಆಫ್‌ಲೈನ್ ಮಾಡಿದೆ. ಆಡಿಟ್ ಶೀಟ್‌ನಲ್ಲಿ 4ಬಿ ಎದುರಿಗಿದ್ದ ಪಿಚಿಡ್ (ಕೇಬಲ್ ಚುಚ್ಚಿರುವ ಪೋರ್ಟಿನ ನಂಬರ್) ನೋಡಿ ಅಲ್ಲಿದ್ದ ಹುಡುಗನಿಗೆ ಫೋನಿನಲ್ಲಿ ಹೇಳಿದೆ. ಅವನು ಕಿತ್ತ.

ಎರಡೇ ನಿಮಿಷಕ್ಕೆ ಇನ್ನೊಂದು ಎಲ್‌ಪಾರ್ (ಅದೇ ಮೆಷಿನ್ನಿನೊಳಗೆ ಬೇರೆಯಾಗಿ ನಡೆಯುವ ಭಾಗ) ನೋಡಿಕೊಳ್ಳುವವರ ಫೋನ್. ಅವರ ಡಿಸ್ಕ್‌ಗಳು ಬಾಕ್ಸ್ ಆಗಿದ್ದವು, ಅಂದರೆ ಸಿಸ್ಟಮ್ ಅವುಗಳ ಬಳಕೆಯನ್ನೇ ನಿಲ್ಲಿಸಿತ್ತು. ಬ್ಯಾಚ್ (ರಾತ್ರಿ ತಾನಾಗಿ ನಡೆಯುವ ಕೆಲಸಗಳು) ನಿಂತಿತ್ತು.

ಚಿಪಿಡ್ ಅನ್ನುವುದು ಬರೀ ಲಾಜಿಕಲ್ ಹೆಸರು. ಪಿಚಿಡ್ ಅಂದರೆ ಕಾರ್ಡಿನ ಮೇಲಿರುವ ನಿಜವಾದ ಪೋರ್ಟ್. ಪ್ರತಿ ಚಾನೆಲ್ ಸಬ್‌ಸಿಸ್ಟಮ್‌ಗೂ (ಮೆಷಿನ್ನಿನ ಚಾನೆಲ್‌ಗಳ ಒಂದು ಗುಂಪು) 00ರಿಂದ ಎಫ್‌ಎಫ್‌ವರೆಗೆ ಅದರದೇ 256 ಚಿಪಿಡ್. ಬಳ್ಳಾರಿಯಲ್ಲೂ ಗಾಂಧಿನಗರ, ಬೆಂಗಳೂರಲ್ಲೂ ಗಾಂಧಿನಗರ ಇದೆಯಲ್ವಾ? ಹಾಗೇ ಸಬ್‌ಸಿಸ್ಟಮ್ 0ರಲ್ಲೊಂದು 4ಬಿ, 1ರಲ್ಲೊಂದು 4ಬಿ. ನಾನು ಆಫ್‌ಲೈನ್ ಮಾಡಿದ್ದು ಮೊದಲನೆಯದು, ಕೀಳಿಸಿದ್ದು ಎರಡನೆಯದು.

ಅಷ್ಟೇ ಆಗಿದ್ದರೆ ಇನ್ನೊಂದು ದಾರಿಯಲ್ಲಿ ಕೆಲಸ ನಡೆಯುತ್ತಿತ್ತು. ಆದರೆ ಆ ಇನ್ನೊಂದು ದಾರಿ ಯಾವಾಗಲೋ ಸತ್ತಿತ್ತು, ಯಾರೂ ನೋಡಿರಲಿಲ್ಲ. ಬಳಕೆಯಲ್ಲಿರುವ ಡಿಸ್ಕಿನ ಕೊನೆಯ ದಾರಿಯನ್ನು ಕನ್ಸೋಲ್‌ನಿಂದ ತೆಗೆಯಹೋದರೆ ಸಿಸ್ಟಮ್ಮೇ ತಡೆಯುತ್ತದೆ. ಕೈಯಿಂದ ಕಿತ್ತರೆ ಯಾರು ತಡೆಯಬೇಕು?

ಆದ್ದರಿಂದ ಮೊದಲು ಡಿಸ್‌ಪ್ಲೇ ಎಂ ಡೆವ್ ಕಮಾಂಡ್ ಕೊಟ್ಟು ದಾರಿಗಳೆಲ್ಲ ಜೀವಂತ ಇವೆಯಾ ನೋಡಿ, ಅದೂ ಎಲ್ಲ ಎಲ್‌ಪಾರ್‌ಗಳಲ್ಲಿ. ಕೇಬಲ್ ಮುಟ್ಟುವ ಮುಂಚೆ, ಮೆಷಿನ್ನಿಗೂ ಸ್ಟೋರೇಜಿಗೂ ನಡುವೆ ಇರುವ ಸ್ವಿಚ್ಚಿನಲ್ಲಿ ಆ ಕೇಬಲಿನ ಪೋರ್ಟನ್ನು ಬ್ಲಾಕ್ ಮಾಡಿಸಿ. ತಪ್ಪಾದರೆ ತಕ್ಷಣ ಬಿಡಿಸಬಹುದು. ಸ್ವಿಚ್ ಪೋರ್ಟಿಗೆ ಲಾಗಿನ್ ಆಗಿರುವ ಡಬ್ಲ್ಯೂಡಬ್ಲ್ಯೂಪಿಎನ್ (ಪ್ರತಿ ಪೋರ್ಟಿಗೂ ಬೇರೆ ಬೇರೆ ಇರುವ ಗುರುತಿನ ನಂಬರ್) ನಿಮ್ಮ ಚಾನೆಲ್‌ದೇನಾ ಅಂತ ತಾಳೆ ನೋಡಿ.

ಅದು 16 ಅಂಕಿ, ಅಕ್ಷರಗಳ ಸಾಲು. ಫೋನಿನಲ್ಲಿ ಸುಮ್ನೆ ಓದಿದರೆ ಬಿ, ಸಿ, ಡಿ, ಇ ಎಲ್ಲ ಒಂದೇ ಥರ ಕೇಳುತ್ತದೆ, ಮೆಷಿನ್ ರೂಮಿನ ಗದ್ದಲದಲ್ಲಂತೂ ಇನ್ನೂ ಜಾಸ್ತಿ. ಈಗ ನಾವು ಬಿ ಅಂದರೆ ಬಳ್ಳಾರಿ, ಸಿ ಅಂದರೆ ಚಿತ್ರದುರ್ಗ, ಡಿ ಅಂದರೆ ದಾವಣಗೆರೆ ಅನ್ನುತ್ತೇವೆ. ಹುಡುಗ ನಗುತ್ತಾನೆ, ನಗಲಿ.

ಹಳೇ ಶೀಟಿನಲ್ಲಿ ಸಬ್‌ಸಿಸ್ಟಮ್ ನಂಬರಿಗೆ ಕಾಲಮ್ಮೇ ಇರಲಿಲ್ಲ. ನಿಮ್ಮ ಶೀಟಿನಲ್ಲಿ ಇದೆಯಾ ನೋಡಿಕೊಳ್ಳಿ.