ಗಂಡಿಕೋಟಕ್ಕೆ ಬಾಡಿಗೆ ಕಾರು: ಗಾಡಿ ಚೊಕ್ಕ, ಎಸಿ ಕೈಕೊಟ್ಟಿತು

ಚಿಕ್ಕಬಳ್ಳಾಪುರದ ಒಂದು ಟ್ರಾವೆಲ್ಸ್‌ನಲ್ಲಿ ಎರಡು ದಿನಕ್ಕೆ ಕಾರು ಹಿಡಿದೆವು. ನಮ್ಮ ನಂದಿ ಬೆಟ್ಟದ ಸಾಲಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಆಂಧ್ರದ ಗಂಡಿಕೋಟದಲ್ಲಿ ಕೆಂಪು ಬಂಡೆ ಕೊರೆದು ಕಣಿವೆ ಮಾಡಿದೆ. ನಮ್ಮ ಕಡೆ ನೀರೇ ಅಪರೂಪದ ಹೊಳೆ ಅಲ್ವಾ, ನೋಡಲೇಬೇಕಿತ್ತು.

ಬಾಗೇಪಲ್ಲಿ, ಕದಿರಿ, ಪುಲಿವೆಂದುಲ, ಮುದ್ದನೂರು, ಜಮ್ಮಲಮಡುಗು ದಾರಿ. ಡ್ರೈವರ್ ಅಣ್ಣನಿಗೆ ತೆಲುಗು ನೀರು ಕುಡಿದಷ್ಟು ಸಲೀಸು. ಆದರೆ ಕದಿರಿ ದಾಟುತ್ತಲೇ ಎಸಿ ಬಿಸಿಗಾಳಿ ಊದತೊಡಗಿತು. ಏಪ್ರಿಲ್‌ನಲ್ಲಿ! ಆ ಬಯಲಲ್ಲಿ ನೆರಳಿಗೂ ಬರ. ರಸ್ತೆ ಬದಿಯ ಕಲ್ಲಂಗಡಿಯೇ ಗತಿ. ಫೋನ್ ಮಾಡಿದರೆ ಮಾಲೀಕರು, "ಕಿಟಕಿ ಇಳಿಸಿ ಸಾರ್" ಎಂದರು. ವಾಪಸ್ ಬಂದು ಗಲಾಟೆ ಮಾಡಿದ್ದಕ್ಕೆ 800 ರೂಪಾಯಿ ಬಿಟ್ಟರು.

ಹೋಗುವುದಾದರೆ ಡಿಸೆಂಬರ್‌ನಲ್ಲಿ ಹೋಗಿ. ಅಡ್ವಾನ್ಸ್ ಕೊಡುವ ಮುಂಚೆ ಎಸಿಯನ್ನು ಅರ್ಧ ಗಂಟೆ ಓಡಿಸಿ ನೋಡಿ. ಬಂಡೆ ಅಂಚಿನಲ್ಲಿ ಮಕ್ಕಳ ಕೈ ಬಿಡಬೇಡಿ.