ಕರಾವಳಿಯ ಮಳೆಗೆ ಸ್ಪೋಕ್ ಚಕ್ರ: ಡಬ್ಲ್ಯೂಡಿ-40, ಆಟೋಸಾಲ್, ಎಸಿಎಫ್-50, ವ್ಯಾಕ್ಸ್ – ಯಾವುದು ಯಾವ ಕೆಲಸಕ್ಕೆ?

ಮಂಗಳೂರಿನಿಂದ ಕಾರವಾರದವರೆಗೆ ಸ್ಪೋಕ್ ಚಕ್ರದ ಬೈಕ್ ಇಟ್ಟುಕೊಂಡವರಿಗೆ ತುಕ್ಕಿನ ಕಾಟ ತಪ್ಪಿದ್ದಲ್ಲ. ಗಾಳಿಯಲ್ಲೇ ಉಪ್ಪಿದೆ. ಮರವಂತೆಯಲ್ಲಂತೂ ರಾಷ್ಟ್ರೀಯ ಹೆದ್ದಾರಿ 66ರ ಮಗ್ಗುಲಲ್ಲೇ ಸಮುದ್ರ. ಸಾಲದ್ದಕ್ಕೆ ಮೀನಿನ ಲಾರಿಗಳು ದಾರಿಯುದ್ದಕ್ಕೂ ಸುರಿಸಿಕೊಂಡು ಹೋಗುವ ಉಪ್ಪುನೀರು ನೇರ ರಿಮ್ಮಿಗೇ ಸಿಡಿಯುತ್ತದೆ. ಗಾಳಿಯ ತೇವಾಂಶ ಶೇ 75 ದಾಟಿತೆಂದರೆ ಉಪ್ಪು ತಾನೇ ನೀರು ಹೀರಿ ಕರಗುತ್ತದೆ. ಮಳೆಗಾಲದಲ್ಲಿ ಇಲ್ಲಿನ ತೇವಾಂಶ ಅದಕ್ಕಿಂತ ಕೆಳಗಿಳಿಯುವುದೇ ಅಪರೂಪ. ಹೀಗಾಗಿ ಶೆಡ್ಡಿನೊಳಗೆ ನಿಂತ ಬೈಕಿನ ಚಕ್ರವೂ ರಾತ್ರಿಯಿಡೀ ಒದ್ದೆಯಾಗಿಯೇ ಇರುತ್ತದೆ.

ಬಿಡಿಭಾಗದ ಅಂಗಡಿಯಲ್ಲಿ "ತುಕ್ಕಿಗೆ ಏನಾದರೂ ಕೊಡಿ" ಎಂದರೆ ಡಬ್ಲ್ಯೂಡಿ-40 ಡಬ್ಬಿಯನ್ನೋ ಪಾಲಿಶ್ ಟ್ಯೂಬನ್ನೋ ಕೊಡುತ್ತಾರೆ. ಎರಡೂ ಒಳ್ಳೆಯ ಸಾಮಾನೇ, ಆದರೆ ಎರಡೂ ಸ್ವಚ್ಛ ಮಾಡುವಂಥವು. ತುಕ್ಕು ಬಾರದಂತೆ ತಡೆಯಬೇಕಾದರೆ ಲೋಹದ ಮೇಲೆ ಏನಾದರೊಂದು ಪದರ ಉಳಿಯಬೇಕು. ಈ ವ್ಯತ್ಯಾಸ ಗೊತ್ತಿಲ್ಲದೆಯೇ ಹೆಚ್ಚಿನವರ ದುಡ್ಡು ಪೋಲಾಗುವುದು.

ಕ್ರೋಮ್ ರಿಮ್ಮಿನ ರಚನೆ ತಿಳಿದರೆ ಉಳಿದದ್ದು ಸುಲಭ. ಉಕ್ಕಿನ ಮೇಲೆ ನಿಕ್ಕಲ್, ಅದರ ಮೇಲೆ ಕ್ರೋಮ್. ಆ ಕ್ರೋಮ್ ಪದರ ಸಾಮಾನ್ಯವಾಗಿ ಅರ್ಧ ಮೈಕ್ರಾನ್ ಆಸುಪಾಸು, ಅಷ್ಟೇ. ಕ್ರೋಮಿಗೆ ತುಕ್ಕು ಹಿಡಿಯುವುದಿಲ್ಲ. ಆದರೆ ಅದರಲ್ಲಿ ಕಣ್ಣಿಗೆ ಕಾಣದ ಬಿರುಕು, ರಂಧ್ರಗಳಿರುತ್ತವೆ. ಉಪ್ಪುನೀರು ಅವುಗಳೊಳಗಿಂದ ಇಳಿದು ಉಕ್ಕನ್ನು ಮುಟ್ಟುತ್ತದೆ. ಸೂಜಿಮೊನೆಯಷ್ಟು ಕಂದು ಚುಕ್ಕೆ ಕಂಡಿತೆಂದರೆ ಅಡಿಯಲ್ಲಿ ಆಗಲೇ ಅದಕ್ಕಿಂತ ದೊಡ್ಡ ಗುಳಿ ಬಿದ್ದಿರುತ್ತದೆ. ಸ್ಪೋಕಿನ ಕಥೆ ಬೇರೆ. ಸಾಮಾನ್ಯ ಸ್ಪೋಕಿಗೆ ಸತುವಿನ ಲೇಪ ಇರುತ್ತದೆ. ಸತು ಉಕ್ಕಿಗಿಂತ ಮೊದಲು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಸ್ಪೋಕಿನ ಮೇಲೆ ಬಿಳಿ ಪುಡಿ ಕಂಡರೆ ಸತು ಇನ್ನೂ ಕೆಲಸ ಮಾಡುತ್ತಿದೆ ಎಂದರ್ಥ, ಕೆಂಪು ಕಂಡರೆ ಅದು ಮುಗಿದಿದೆ.

ಡಬ್ಲ್ಯೂಡಿ-40 ಹುಟ್ಟಿದ್ದು 1953ರಲ್ಲಿ, ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ. ನೀರನ್ನು ಹೊರದೂಡುವ ದ್ರಾವಣಕ್ಕೆ ನಡೆದ ನಲವತ್ತನೇ ಪ್ರಯತ್ನ ಅದು. ಇವತ್ತಿಗೂ ಆ ಕೆಲಸದಲ್ಲಿ ಅದು ಗಟ್ಟಿ. ತೊಳೆದ ಮೇಲೆ ನಿಪ್ಪಲ್ (ಸ್ಪೋಕನ್ನು ರಿಮ್ಮಿಗೆ ಬಿಗಿಯುವ ಪುಟ್ಟ ನಟ್) ಸಂದಿಯಲ್ಲಿ ನಿಂತ ನೀರು ತೆಗೆಯಲು, ಚೈನಿನಿಂದ ಸಿಡಿದ ಜಿಡ್ಡು ಸಡಿಲಿಸಲು, ಜಾಮ್ ಆದ ನಿಪ್ಪಲ್‌ಗೆ ಹಿಂದಿನ ರಾತ್ರಿ ಎರಡು ಹನಿ ಬಿಡಲು ಬಹಳ ಒಳ್ಳೆಯದು. ಆದರೆ ಅದರ ಬಹುಪಾಲು ಆವಿಯಾಗಿ ಹೋಗುತ್ತದೆ, ಉಳಿಯುವ ತೆಳು ಎಣ್ಣೆ ಕರಾವಳಿಯ ಒಂದೆರಡು ಜೋರು ಮಳೆಗೇ ತೊಳೆದುಹೋಗುತ್ತದೆ. ದೀರ್ಘಕಾಲ ತುಕ್ಕು ತಡೆಯಲು ಅದೇ ಕಂಪನಿ 'ಸ್ಪೆಷಲಿಸ್ಟ್' ಸಾಲಿನಲ್ಲಿ ಬೇರೆ ಸ್ಪ್ರೇ ಮಾಡುತ್ತದೆ. ನೀಲಿ–ಹಳದಿ ಡಬ್ಬಿಯಿಂದ ಅದನ್ನು ನಿರೀಕ್ಷಿಸಬೇಡಿ.

ಆಟೋಸಾಲ್ ಜರ್ಮನಿಯ ಜೋಲಿಂಗೆನ್‌ನ ಲೋಹದ ಪಾಲಿಶ್, ಟ್ಯೂಬಿನಲ್ಲಿ ಬರುತ್ತದೆ. ಮೇಲ್ಮೈಯ ತುಕ್ಕು, ಮಂಕು ತೆಗೆಯುವುದರಲ್ಲಿ ಇದಕ್ಕೆ ಪೂರ್ಣ ಅಂಕ. ಆದರೆ ನೇರ ಇದನ್ನೇ ಉಜ್ಜಲು ಕೂರಬೇಡಿ. ಮೊದಲು ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲನ್ನು ಮುದ್ದೆ ಮಾಡಿ, ನೀರಲ್ಲಿ ಅದ್ದಿ, ತುಕ್ಕಿನ ಮೇಲೆ ಹಗುರವಾಗಿ ಉಜ್ಜಿ. ಅಲ್ಯುಮಿನಿಯಂ ಕ್ರೋಮಿಗಿಂತ ಎಷ್ಟೋ ಮೆದು, ಗೀರು ಬೀಳುವುದಿಲ್ಲ. ಕಂದು ನೀರು ಇಳಿದ ಮೇಲೆ ಒರೆಸಿ, ಬಟಾಣಿಯಷ್ಟು ಆಟೋಸಾಲ್ ಹಳೆಯ ಬನಿಯನ್ ಬಟ್ಟೆಗೆ ತೆಗೆದುಕೊಂಡು ಒಂದು ಸಲಕ್ಕೆ ಎರಡು ಸ್ಪೋಕುಗಳ ನಡುವಿನಷ್ಟು ಜಾಗ ಮಾತ್ರ ತಿಕ್ಕಿ, ಒಣಗುವ ಮೊದಲೇ ಒರೆಸಿಬಿಡಿ. ವರ್ಷಕ್ಕೆ ಎರಡು ಸಲ ಸಾಕು. ಇದರಲ್ಲಿ ಉಜ್ಜುವ ಕಣಗಳಿವೆ. ವಾರವಾರ ತಿಕ್ಕಿದರೆ ಮೊದಲೇ ತೆಳುವಾದ ಕ್ರೋಮ್ ಸವೆದು ನಿಕ್ಕಲಿನ ಹಳದಿ ಛಾಯೆ ಹೊರಬರುತ್ತದೆ. ಆನೋಡೈಸ್ ಮಾಡಿದ (ವಿದ್ಯುತ್ ಹಾಯಿಸಿ ಅಲ್ಯುಮಿನಿಯಂ ಮೇಲೆ ಗಟ್ಟಿ ಪದರ ಕಟ್ಟಿಸಿದ) ರಿಮ್ಮಿಗೆ, ಮ್ಯಾಟ್ ಕಪ್ಪು ಬಣ್ಣಕ್ಕೆ ಇದನ್ನು ಮುಟ್ಟಿಸಲೇಬಾರದು.

ತಡೆಯುವ ಕೆಲಸಕ್ಕೆ ನಮ್ಮ ಮೊದಲ ಆಯ್ಕೆ ಕಾರಿಗೆ ಹಚ್ಚುವ ಕಾರ್ನೌಬಾ ಪೇಸ್ಟ್ ವ್ಯಾಕ್ಸ್. ಯಾವ ಊರಲ್ಲೂ ಸಿಗುತ್ತದೆ, ಒಂದು ಡಬ್ಬಿ ಹಲವು ಮಳೆಗಾಲಕ್ಕೆ ಬರುತ್ತದೆ. ಪಾಲಿಶ್ ಮಾಡಿದ ರಿಮ್ಮಿಗೆ ತೆಳ್ಳಗೆ ಹಚ್ಚಿ, ಮಂಜು ಕಟ್ಟಿದಂತೆ ಬೆಳ್ಳಗಾದ ಮೇಲೆ ಒರೆಸಿ, ಒಂದು ಗಂಟೆ ಬಿಟ್ಟು ಇನ್ನೊಂದು ಕೋಟ್ ಕೊಡಿ. ದಪ್ಪ ಬಳಿದರೆ ಲಾಭವಿಲ್ಲ, ಒರೆಸುವ ಕಷ್ಟ ಮಾತ್ರ ಹೆಚ್ಚು. ನೀರು ಚಿಮುಕಿಸಿದಾಗ ಮಣಿ ಕಟ್ಟುವುದು ನಿಂತು ಹಾಗೇ ಹರಡಿಕೊಂಡರೆ ಮತ್ತೆ ಹಚ್ಚುವ ಹೊತ್ತು ಬಂತು. ಬೆಂಗಳೂರು, ಹುಬ್ಬಳ್ಳಿಯಲ್ಲಿ ಓಡಿಸುವವರಿಗೆ ಇದೊಂದೇ ಸಾಕು.

ವ್ಯಾಕ್ಸ್ ಸೋಲುವುದು ನಿಪ್ಪಲ್ ಹತ್ತಿರ. 36 ಅಥವಾ 40 ಕಡ್ಡಿಗಳ ಬುಡಕ್ಕೆ ಬಟ್ಟೆ ಹೋಗುವುದಿಲ್ಲ, ತುಕ್ಕು ಶುರುವಾಗುವುದೇ ಅಲ್ಲಿ. ಈ ಜಾಗಕ್ಕೆ ಎಸಿಎಫ್-50 ನಿಜಕ್ಕೂ ಬೇರೆ ದರ್ಜೆಯದು. ಕೆನಡಾದ ಲಿಯರ್ ಕೆಮಿಕಲ್ ವಿಮಾನಗಳಿಗೆಂದು ಮಾಡಿದ ದ್ರಾವಣ ಇದು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುವ ಬ್ರಿಟನ್ನಿನಲ್ಲಿ ಬೈಕ್ ಸವಾರರು ಇದನ್ನೇ ನೆಚ್ಚಿಕೊಂಡಿದ್ದಾರೆ. ಕೂದಲೆಳೆಯಷ್ಟು ಸಣ್ಣ ಸಂದಿಯೊಳಕ್ಕೂ ತಾನೇ ಹರಿದು ಒಳಗಿನ ತೇವ ಹೊರಹಾಕಿ ಜಿಡ್ಡಿನ ಪದರವಾಗಿ ನಿಲ್ಲುತ್ತದೆ. ಚಕ್ರಕ್ಕೆ ನೇರ ಸ್ಪ್ರೇ ಮಾಡಬೇಡಿ. ಬಾಟಲಿ ಮುಚ್ಚಳದಲ್ಲಿ ಸ್ವಲ್ಪ ತೆಗೆದುಕೊಂಡು, ಅರ್ಧ ಇಂಚಿನ ಬ್ರಷ್ಷಿನಿಂದ ಸ್ಪೋಕಿಗೆ ಸವರಿ, ನಿಪ್ಪಲ್ ಬುಡಕ್ಕೆ ಇಯರ್ ಬಡ್ಡಿನಿಂದ ಮುಟ್ಟಿಸಿ, ರಾತ್ರಿ ಬಿಟ್ಟು ಬೆಳಿಗ್ಗೆ ಹೆಚ್ಚಾದದ್ದನ್ನು ಒರೆಸಿ. ಡಿಸ್ಕಿಗೆ ಮೊದಲೇ ಪ್ಲಾಸ್ಟಿಕ್ ಚೀಲ ಕಟ್ಟಿರಬೇಕು. ಡ್ರಮ್ ಬ್ರೇಕ್ ಆದರೆ ಹಬ್ ಪ್ಲೇಟಿನ ಸಂದಿಯತ್ತ ಬ್ರಷ್ ಹೋಗಕೂಡದು. ಬ್ರೇಕ್ ಶೂಗೆ ಎಣ್ಣೆ ಇಳಿದರೆ ಬೈಕ್ ನಿಲ್ಲುವುದಿಲ್ಲ. ಇದರ ಎರಡು ದೋಷ: ಧೂಳು ಹಿಡಿಯುತ್ತದೆ, ಮತ್ತು ಇಲ್ಲಿ ಹೆಚ್ಚಾಗಿ ಆನ್‌ಲೈನ್‌ನಲ್ಲೇ ತರಿಸಬೇಕಾದ್ದರಿಂದ ದುಬಾರಿ. ರಿಮ್ಮಿಗೆ ವ್ಯಾಕ್ಸ್, ಕಡ್ಡಿಗೆ ಮಾತ್ರ ಇದು ಎಂದು ಹಂಚಿಕೊಂಡರೆ ಒಂದು ಡಬ್ಬಿ ಬಹಳ ದಿನ ಬಾಳುತ್ತದೆ.

ಸ್ಪೋಕ್ ಆಗಲೇ ಕೆಂಪಾಗಿದ್ದರೆ ಗ್ಯಾರೇಜಿನಲ್ಲಿ ಸಿಲ್ವರ್ ಪೇಂಟ್ ಬಳಿದು ಕೊಡುತ್ತಾರೆ. ಅಡಿಯಲ್ಲಿ ತುಕ್ಕು ಬೆಳೆಯುತ್ತಲೇ ಇದ್ದು ಪೇಂಟ್ ಸಿಪ್ಪೆಸಿಪ್ಪೆಯಾಗಿ ಏಳುತ್ತದೆ. ಅದಕ್ಕಿಂತ ಸತುವಿನ ಸ್ಪ್ರೇ ಎಷ್ಟೋ ಮೇಲು. ಅಂಗಡಿಯಲ್ಲಿ ಕೋಲ್ಡ್ ಗ್ಯಾಲ್ವನೈಸಿಂಗ್ ಸ್ಪ್ರೇ ಎಂದು ಕೇಳಿ. ಷರತ್ತು ಒಂದೇ: ಸತು ಬರಿ ಉಕ್ಕಿಗೆ ತಾಗಬೇಕು. ತಂತಿ ಬ್ರಷ್ಷಿನಿಂದ ಹೊಳೆಯುವವರೆಗೆ ಉಜ್ಜಿ, ಅಡಿಗೆ ಪ್ರೈಮರ್ ಹಾಕದೆ ಹೊಡೆಯಿರಿ. ಕಡ್ಡಿಯ ಹಿಂದೆ ರಟ್ಟಿನ ತುಂಡು ಹಿಡಿದರೆ ಟೈರು, ರಿಮ್ಮಿಗೆ ಬಣ್ಣ ಹಾರುವುದಿಲ್ಲ. ಬೂದು ಮ್ಯಾಟ್ ಬಣ್ಣ ಬರುತ್ತದೆ, ಹೊಳಪು ಬಯಸುವವರಿಗೆ ಹಿಡಿಸಲಿಕ್ಕಿಲ್ಲ.

ಟ್ಯೂಬ್ ಇರುವ ಚಕ್ರದ ದೊಡ್ಡ ತುಕ್ಕು ಮಾತ್ರ ಹೊರಗೆ ಕಾಣುವುದೇ ಇಲ್ಲ. ನಿಪ್ಪಲ್ ತೂತುಗಳಿಂದ, ವಾಲ್ವ್ ತೂತಿನಿಂದ ಒಳಗಿಳಿದ ನೀರಿಗೆ ಹೊರಬರಲು ದಾರಿಯಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಟ್ಯೂಬಿನ ತೂತು ಎಲ್ಲಿದೆ ನೋಡಿ. ಟೈರಿನ ಕಡೆ ಇದ್ದರೆ ಮೊಳೆ ಅಥವಾ ಗಾಜು. ಕಡ್ಡಿಗಳ ಕಡೆ ಇದ್ದು ಸುತ್ತ ಕಂದು ಪುಡಿ ಅಂಟಿದ್ದರೆ ರಿಮ್ಮಿನ ತುಕ್ಕೇ ಟ್ಯೂಬನ್ನು ಕೊರೆಯುತ್ತಿದೆ. ಆಗ ರಿಮ್ ಟೇಪ್ (ನಿಪ್ಪಲ್ ತುದಿಗಳು ಟ್ಯೂಬಿಗೆ ತಾಗದಂತೆ ರಿಮ್ಮಿನೊಳಗೆ ಸುತ್ತಿದ ಪಟ್ಟಿ) ಬಿಚ್ಚಿಸಿ, ಒಳಗನ್ನು ಉಜ್ಜಿಸಿ, ಸತುವಿನ ಸ್ಪ್ರೇ ಹೊಡೆದು, ಪೂರ್ತಿ ಒಣಗಿದ ಮೇಲೆ ಹೊಸ ಟೇಪ್ ಹಾಕಿಸಿ. ಹಳೆ ಟೇಪ್ ತೊಳೆದು ಹಾಕುವುದು ಬೇಡ, ಅದು ಉಪ್ಪು ಹಿಡಿದಿಟ್ಟುಕೊಂಡಿರುತ್ತದೆ.

ಅಲ್ಯುಮಿನಿಯಂ ಚಕ್ರದ ಬಣ್ಣ ಮಂಕಾಗುವುದಕ್ಕೆ ಬಿಸಿಲು ಒಂದು ಕಾರಣ. ಅದಕ್ಕಿಂತ ದೊಡ್ಡ ಕಾರಣ ವಾಟರ್ ಸರ್ವಿಸ್‌ನವರ ಕ್ಷಾರದ ನೊರೆ. ವಾಷಿಂಗ್ ಸೋಡಾ, ಕಾಸ್ಟಿಕ್ ಸೋಡಾ ಎರಡೂ ಅಲ್ಯುಮಿನಿಯಂಗೆ ವಿಷ. ಆನೋಡೈಸ್ ಮಾಡಿದ ಪದರ ಒಮ್ಮೆ ಸವೆದರೆ ಯಾವ ಕ್ರೀಮೂ ಅದನ್ನು ವಾಪಸ್ ತರುವುದಿಲ್ಲ. ನಿಮ್ಮದೇ ಕಾರ್ ಶಾಂಪೂ ಒಯ್ದು ಅದರಲ್ಲೇ ತೊಳೆಯಲು ಹೇಳಿ, ಚಕ್ರ ತಣ್ಣಗಾದ ಮೇಲೆ. ಬಣ್ಣದ ಅಲಾಯ್ ಚಕ್ರದಲ್ಲಿ ಡಿಸ್ಕ್ ಇರುವ ಕಡೆ ಕಂದು ಚುಕ್ಕೆ ಕಂಡರೆ ಹೆದರಬೇಡಿ. ಅದು ಬ್ರೇಕಿನಿಂದ ಉದುರಿ ಅಂಟಿದ ಕಬ್ಬಿಣದ ಪುಡಿ. ಮ್ಯಾಟ್ ಬಣ್ಣಕ್ಕೆ ಪೇಸ್ಟ್ ವ್ಯಾಕ್ಸ್ ಹಚ್ಚಿದರೆ ಅಲ್ಲಲ್ಲಿ ಹೊಳಪಿನ ತೇಪೆ ಬೀಳುತ್ತದೆ. ಅದಕ್ಕೆಂದೇ ಸಿಗುವ ಮ್ಯಾಟ್ ಸೀಲಂಟ್ ಬಳಸಿ.

ನಿಪ್ಪಲ್ ತೂತಿನ ಸುತ್ತ ಕ್ರೋಮ್ ಉಬ್ಬಿ ಎದ್ದು, ಉಗುರಿಗೆ ಗುಳಿ ತಾಗುತ್ತಿದ್ದರೆ ಇವುಗಳಲ್ಲಿ ಯಾವುದಕ್ಕೂ ದುಡ್ಡು ಹಾಕಬೇಡಿ, ರಿಮ್ಮನ್ನೇ ಬದಲಿಸಿ. ಅಗ್ಗದ ಮರು-ಕ್ರೋಮಿಂಗ್‌ನಲ್ಲಿ ನಿಕ್ಕಲ್ ಪದರಕ್ಕೇ ಕತ್ತರಿ ಬೀಳುವುದರಿಂದ ಅದು ಕರಾವಳಿಗೆ ಬಾಳುವುದಿಲ್ಲ. ಹೇಗೂ ಚಕ್ರ ಬಿಚ್ಚುತ್ತೀರಿ, ಸ್ಟೇನ್‌ಲೆಸ್ ಸ್ಪೋಕ್ ಹಾಕಿಸಿಕೊಳ್ಳಿ. ರಿಮ್ ಅಲ್ಯುಮಿನಿಯಂ ಆಗಿದ್ದರೆ ಪ್ರತಿ ನಿಪ್ಪಲ್ ಕೂರುವ ಜಾಗಕ್ಕೂ ಗ್ರೀಸ್ ಸವರಿಸಲು ಮರೆಯಬೇಡಿ. ಬೇರೆ ಬೇರೆ ಲೋಹಗಳ ನಡುವೆ ಉಪ್ಪುನೀರು ನಿಂತರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ, ನಿಪ್ಪಲ್ ಅಲ್ಲೇ ಕಚ್ಚಿಕೊಂಡು ಮುಂದಿನ ಸಲ ಬೆಂಡ್ ತೆಗೆಯುವಾಗ ಕಡ್ಡಿಯೇ ತುಂಡಾಗುತ್ತದೆ.